ಫ್ರಾನ್ಸಿನ ಅಜ್ಜಾರು

ಮೊನ್ನೆ ಶನಿವಾರ ನಮ್ಮ ಹಾಲ್‌ಗೆ ಬಣ್ಣ ಹೊಡೆಯಲು ಬಂದ ಪೇಂಟರ್, ಗೋಡೆಯ ಮೇಲಿದ್ದ ಹಳೆಯ ಚಿತ್ರವನ್ನು ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಗಾಜಿನ ಮೇಲೆ ಏನೋ ಬಿಳಿ ಬಿಳಿ, ಕೆಂಪು ಕೆಂಪು ಮೆತ್ತಿಕೊಂಡಿದೆಯಲ್ಲ, ಒರೆಸಿಬಿಡಲೇ ಎಂದು ಕೇಳಿದ. ಅವನ ಇನ್ನೊಂದು ಕೈಯಲ್ಲಿ ಸ್ಪ್ರೇ ಬಾಟಲಿ ಆಗಲೇ ಸಿದ್ಧವಾಗಿತ್ತು. ಕಾಫಿ ಲೋಟ ಕೆಳಗಿಡುವಷ್ಟೂ ತಾಳ್ಮೆಯಿಲ್ಲದೆ ನಾನು ಓಡಿಹೋಗಿ ಚಿತ್ರವನ್ನು ಕಸಿದುಕೊಂಡೆ. ಅರ್ಧ ಕಾಫಿ ಅವನು ಹಾಸಿದ್ದ ಬಟ್ಟೆಯ ಮೇಲೆ ಬಿತ್ತು, ಇನ್ನರ್ಧ ನನ್ನ ಕುರ್ತಾದ ಮೇಲೆ. ಪಾಪ, ಒಳ್ಳೆಯ ಮನುಷ್ಯ. ಎರಡು ಹೆಜ್ಜೆ ಹಿಂದೆ ಸರಿದು, ಇವರು ನಿಮ್ಮ ತಾತನಾ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ವಿಚಾರಿಸಿದ. ಹೌದು ಎನ್ನಲೋ ಅಲ್ಲ ಎನ್ನಲೋ ತಿಳಿಯದೆ ಎರಡಕ್ಕೂ ಹೊಂದುವ ಹಾಗೆ ತಲೆಯಾಡಿಸಿದೆ. ಆ ಮಟ್ಟಿಗೆ ನಮ್ಮ ದೇಶದ ತಲೆಯಾಡಿಸುವಿಕೆ ಬಹಳ ಅನುಕೂಲದ್ದು.

ಆಮೇಲೆ ಅವನು ಮುಂಬಾಗಿಲ ಹತ್ತಿರ ಹೋಗಿ ಇನ್ನೊಂದು ಪ್ರಶ್ನೆ ಕೇಳಿದ. ಸಿಡ್ನಿಯ ನಾರ್ವೆಸ್ಟ್ ಹತ್ತಿರದ ಈ ನಮ್ಮ ಮನೆಯ ಮುಂಬಾಗಿಲಿಗೆ ಎರಡು ಕದ. ಒಂದನ್ನು ನಾವು ದಿನಾ ತೆಗೆದು ಹಾಕುತ್ತೇವೆ. ಇನ್ನೊಂದಕ್ಕೆ ಮೇಲೊಂದು ಕೆಳಗೊಂದು ಚಿಲಕವಿದೆ. ಮನೆಗೆ ಬಂದಾಗಿನಿಂದ ಅದನ್ನು ನಾವು ಮುಟ್ಟಿದವರಲ್ಲ. ಫ್ರಿಜ್ಜು, ಸೋಫಾ ಎಲ್ಲ ಗರಾಜಿನ ಕಡೆಯಿಂದಲೇ ಒಳಗೆ ಬಂದವು. ಈ ಕದ ತೆಗೆಯುತ್ತೀರಾ ಎಂದು ಅವನು ಕೇಳಿದಾಗ, ತೆಗೆಯುವ ಪ್ರಮೇಯವೇ ಬಂದಿಲ್ಲಪ್ಪ, ಸಂದಿಗೂ ಸೇರಿಸಿ ಬಣ್ಣ ಹೊಡೆದುಬಿಡು ಎಂದೆ. ಮನೆಗೆ ದೊಡ್ಡವರು ಬರುವವರಿದ್ದರು, ನನಗೆ ಕೆಲಸ ಬೇಗ ಮುಗಿದರೆ ಸಾಕಾಗಿತ್ತು. ಅವರು ಯಾರೆಂದು ಆಮೇಲೆ ಹೇಳುತ್ತೇನೆ. ಮೊದಲು ಈ ತಾತನ ವಿಷಯ.

ನೀವು ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸಂಸಾರ ಹೂಡಿದವರಾದರೆ ಹಾರ್ಡ್ ರಬ್ಬಿಶ್ ಎಂಬ ಮಾತು ಕೇಳಿದೊಡನೆ ನಿಮ್ಮ ಕಿವಿ ನೆಟ್ಟಗಾಗುತ್ತದೆ. ಇಲ್ಲಿಯ ಜನ ತಮಗೆ ಬೇಡವಾದ ಮೇಜು, ಕುರ್ಚಿ, ಮಂಚಗಳನ್ನು ವರ್ಷಕ್ಕೊಮ್ಮೆಯೋ ಎರಡು ಸಲವೋ ಮನೆಯ ಮುಂದೆ ಗುಡ್ಡೆ ಹಾಕುತ್ತಾರೆ. ಅದನ್ನೊಯ್ಯಲು ಕೌನ್ಸಿಲ್ ಎಂಬ ಇಲ್ಲಿಯ ನಗರಸಭೆಯ ಲಾರಿ ಬರುವ ಮೊದಲು ನಮ್ಮಂಥವರ ಕಾರು ಬರುತ್ತದೆ. ಮೆಲ್ಬರ್ನಿನಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದ ಕಾಲದಲ್ಲಿ ನಮ್ಮ ಅರ್ಧ ಮನೆ ತುಂಬಿದ್ದು ಹೀಗೆಯೇ. ಬೆಂಗಳೂರಿನಲ್ಲಿದ್ದಾಗ ಬೀದಿಯಲ್ಲಿ ಬಿದ್ದ ವಸ್ತುವಿನ ಕಡೆ ತಿರುಗಿ ನೋಡದ ನಾನು, ಇಲ್ಲಿ ಕಾರಿನ ವೇಗ ತಗ್ಗಿಸಿ ಕತ್ತು ಹೊರಗೆ ಚಾಚುವ ಹೆಂಗಸಾಗಿದ್ದೆ.

ಈ ಚಿತ್ರ ಸಿಕ್ಕಿದ್ದು ಅಂಥ ಒಂದು ಗುಡ್ಡೆಯಲ್ಲಿ. ಅದನ್ನು ನೋಡಿದವರು ನನ್ನ ಗಂಡ ರವಿ. ಅವರಿಗೆ ಬೇಕಾಗಿದ್ದದ್ದು ಚಿತ್ರವಲ್ಲ, ಅದರ ಚೌಕಟ್ಟು. ಒಳ್ಳೆಯ ಕಪ್ಪು ಮರ, ಮೂಲೆಗಳಲ್ಲಿ ಬಳ್ಳಿಯ ಕೆತ್ತನೆ. ನಮ್ಮ ಮದುವೆಯ ಫೋಟೋ ಹಾಕಿಸೋಣ ಎಂದು ಹುಮ್ಮಸ್ಸಿನಿಂದ ಹೊತ್ತು ತಂದರು. ಮನೆಗೆ ತಂದು ಅಳೆದು ನೋಡಿದರೆ ಆ ಚೌಕಟ್ಟಿಗೆ ನಮ್ಮ ಫೋಟೋ ತೀರ ಚಿಕ್ಕದು. ಇಡೀ ಮದುವೆಮನೆಯ ಗ್ರೂಪ್ ಫೋಟೋ ಹಾಕಿಸಬಹುದಿತ್ತು, ಆದರೆ ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. ಹೀಗಾಗಿ ಒಳಗಿದ್ದವರು ಒಳಗೇ ಉಳಿದರು.

ಒಳಗಿದ್ದದ್ದು ಒಂದು ಎನ್‌ಗ್ರೇವಿಂಗ್. ಲೋಹದ ತಗಡಿನ ಮೇಲೆ ಸೂಜಿಯಷ್ಟು ಸಣ್ಣ ಗೆರೆಗಳನ್ನು ಕೊರೆದು ಕಾಗದದ ಮೇಲೆ ಅಚ್ಚೊತ್ತಿದ ಚಿತ್ರ. ಬಣ್ಣವಿಲ್ಲ. ನೆರಳೂ ಗೆರೆ, ಬೆಳಕೂ ಗೆರೆ. ಕಲ್ಲಿನ ಮನೆಯ ಮೆಟ್ಟಿಲ ಮೇಲೆ ಒಬ್ಬ ಮುದುಕರು ನಿಂತಿದ್ದಾರೆ. ಎದೆಯವರೆಗೆ ಇಳಿದ ಬಿಳಿ ಗಡ್ಡ, ಪಾದ ಮುಚ್ಚುವ ನಿಲುವಂಗಿ, ಮುಂದಕ್ಕೆ ಚಾಚಿದ ಬಲಗೈ. ಅಂಗಳದ ಕೊನೆಯ ದೊಡ್ಡ ಹೆಬ್ಬಾಗಿಲಿಗೆ ಆಳುಗಳು ಬೆನ್ನು ಕೊಟ್ಟು ಒತ್ತಿ ಹಿಡಿದಿದ್ದಾರೆ. ಗೋಡೆಯಾಚೆ ಈಟಿಗಳು, ಪಂಜುಗಳು, ಹೊಗೆ. ಕೆಳಗೆ ಇರುವೆ ಸಾಲಿನಂಥ ಫ್ರೆಂಚ್ ಅಕ್ಷರ. ಅದನ್ನು ಓದುವ ಗೋಜಿಗೆ ನಾವು ಹೋಗಿರಲಿಲ್ಲ.

ನಂತರ ನಾವು ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತ್‌ನಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಹೋದೆವು. ಮುದುಕರೂ ಬಂದು ಹಾಲ್‌ನ ಗೋಡೆ ಏರಿದರು. ನಮ್ಮ ಮನೆಯ ಬೆನ್ನಿಗೆ ಬೆನ್ನು ಕೊಟ್ಟ ಮನೆ ಉಡುಪಿ ಕಡೆಯ ಜಯಂತಿಯದು. ಅವಳ ಬೀದಿ ಬೇರೆ, ನಮ್ಮ ಬೀದಿ ಬೇರೆ. ರಸ್ತೆಯಲ್ಲಿ ಹೋದರೆ ರೌಂಡಬೌಟ್ ಸುತ್ತಿ, ಪಾರ್ಕ್ ದಾಟಿ, ಆ ಕಡೆಯ ಗಾಳಿಗೆ ಸಿಕ್ಕಿ ತಲೆಗೂದಲು ಗುಬ್ಬಚ್ಚಿಗೂಡಾಗುತ್ತಿತ್ತು. ಹಿತ್ತಿಲಿನಿಂದಾದರೆ ನಡುವೆ ಒಂದು ಮರದ ಬೇಲಿ ಮಾತ್ರ. ಹಾಗಾಗಿ ಎರಡು ಮನೆಯ ಗಂಡಸರೂ ಸೇರಿ ಬೇಲಿಯ ಮೂರು ಹಲಗೆ ಕಿತ್ತು ಒಂದು ಕಂಡಿ ಮಾಡಿದರು. ಒಬ್ಬರು ಅಡ್ಡಡ್ಡ ತಿರುಗಿ ನುಸುಳುವಷ್ಟು ಜಾಗ. ಸಾಂಬಾರಿನ ಪಾತ್ರೆ, ಮಗುವಿನ ಸ್ವೆಟರ್, ಆಮೇಲೆ ಇಬ್ಬರು ಅಜ್ಜಿಯಂದಿರು ಅದರೊಳಗಿಂದ ಓಡಾಡಿದರು.

ಆ ಇಬ್ಬರಲ್ಲಿ ಒಬ್ಬರು ನನ್ನ ಅತ್ತೆ, ಧಾರವಾಡದ ಗಂಗಕ್ಕ. ಆರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಬಂದಿದ್ದರು. ಎತ್ತರದ ಆಳು, ದೊಡ್ಡ ದನಿ, ಹಣೆ ತುಂಬ ವಿಭೂತಿ. ಇನ್ನೊಬ್ಬರು ಜಯಂತಿಯ ತಾಯಿ ವಾರಿಜಕ್ಕ. ಉಡುಪಿಯ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾಗಿ, ಮಗಳ ಜತೆಗೇ ಇರಲು ಬಂದವರು. ಗಿಡ್ಡ ಮೈ, ದಪ್ಪ ಕನ್ನಡಕ, ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕೊಡೆ. ಮೊದಲ ವಾರ ಇಬ್ಬರೂ ಪ್ರತ್ಯೇಕವಾಗಿ ನನ್ನ ಹತ್ತಿರ ದೂರು ತಂದರು. ಆಕಿ ಪುಸ್ತಕ ಓದಿಧಂಗ ಮಾತಾಡ್ತಾಳ ಎಂದು ಅತ್ತೆ. ನಿಮ್ಮ ಅತ್ತೆ ಮಾತಾಡುವುದಾ ಜಗಳ ಮಾಡುವುದಾ ಗೊತ್ತೇ ಆಗುವುದಿಲ್ಲ ಮಾರಾಯ್ತಿ ಎಂದು ವಾರಿಜಕ್ಕ. ಎರಡನೆಯ ವಾರಕ್ಕೆ ಒಬ್ಬರನ್ನು ಬಿಟ್ಟು ಒಬ್ಬರು ಚಹಾ ಕುಡಿಯುತ್ತಿರಲಿಲ್ಲ.

ಅವರ ಪರಮ ಸುಖ ಡಿಸ್ಪ್ಲೇ ಹೋಮ್. ಹೊಸ ಬಡಾವಣೆಗಳಲ್ಲಿ ಬಿಲ್ಡರುಗಳು ಮಾದರಿ ಮನೆ ಕಟ್ಟಿ, ಸೋಫಾ ಮಂಚ ಎಲ್ಲ ಜೋಡಿಸಿ, ಬನ್ನಿ ನೋಡಿ ಎಂದು ಬಾಗಿಲು ತೆರೆದಿಟ್ಟಿರುತ್ತಾರಲ್ಲ, ಇವರಿಬ್ಬರಿಗೆ ಅದೇ ದಿನಚರಿ. ಸೀರೆ, ಅದರ ಮೇಲೆ ಮಕ್ಕಳ ಹಳೇ ಜಾಕೆಟ್, ಕಾಲಿಗೆ ಸ್ಪೋರ್ಟ್ಸ್ ಶೂ. ಹತ್ತು ಗಂಟೆಗೆ ಹೊರಟರೆ ಊಟದ ಹೊತ್ತಿಗೆ ವಾಪಸು. ಒಂದೊಂದು ಮನೆಯಲ್ಲೂ ಕೂತು, ಎದ್ದು, ಕಪಾಟು ತೆಗೆದು, ನಲ್ಲಿ ತಿರುಗಿಸಿ ನೋಡುತ್ತಿದ್ದರು. ಒಮ್ಮೆ ಅತ್ತೆ ಬಟ್ಟಲಲ್ಲಿಟ್ಟಿದ್ದ ನಿಂಬೆಹಣ್ಣನ್ನು ಮೂಸಿ, ಪ್ಲಾಸ್ಟಿಕ್ ಎಂದು ತಿಳಿದು, ಅಲ್ಲಿದ್ದ ಹುಡುಗಿಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರಂತೆ. ಪ್ರತಿ ಮನೆಗೂ ಇಬ್ಬರ ತೀರ್ಪು ಒಂದೇ. ಥಿಯೇಟರ್ ರೂಮ್ ಉಂಟು, ಬಟ್ಟೆ ಇಡಲು ಒಂದು ಕೋಣೆ ಉಂಟು, ದೇವರಿಗೆ ಮಾತ್ರ ಜಾಗವಿಲ್ಲ. ಮನೆ ಹೇಗಿದೆ ಎಂದು ಸೇಲ್ಸ್ ಹುಡುಗಿ ಕೇಳಿದಾಗ ಅತ್ತೆ ತಮಗೆ ಗೊತ್ತಿದ್ದ ಅಷ್ಟೂ ಇಂಗ್ಲಿಷನ್ನು ಖರ್ಚು ಮಾಡಿ ಹೇಳಿದರು: "ನೈಸ್ ಹೌಸ್. ನೋ ಗಾಡ್."

ನಮ್ಮ ಮನೆಯಲ್ಲಿ ದೇವರಿಗೆ ಜಾಗವಿತ್ತು. ದಿನಸಿ ಇಡುವ ಪ್ಯಾಂಟ್ರಿಯ ಒಂದು ಅರೆಯಲ್ಲಿ, ತೊಗರಿಬೇಳೆ ಡಬ್ಬದ ಪಕ್ಕ. ಅತ್ತೆಗೆ ಅದು ಸಮಾಧಾನ ತಂದಿರಲಿಲ್ಲವೆಂದು ಕಾಣುತ್ತದೆ. ಬಂದ ಎರಡನೆಯ ದಿನ ಹಾಲ್‌ನ ಚಿತ್ರದ ಮುಂದೆ ನಿಂತು, ಇವ್ರು ಯಾವ ಮಠದ ಅಜ್ಜಾರು ಎಂದು ಮಗನನ್ನು ಕೇಳಿದರಂತೆ. ಧಾರವಾಡದ ಕಡೆ ಮಠದ ಸ್ವಾಮಿಗಳಿಗೆ ಅಜ್ಜಾರು ಎನ್ನುವುದು ವಾಡಿಕೆ. ರವಿ ಆಫೀಸಿನ ಮೀಟಿಂಗಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರು. ಅಮ್ಮ ಏನೇ ಕೇಳಿದರೂ ಹ್ಞೂಂ ಎನ್ನುವುದು ಅವರ ಹುಟ್ಟುಗುಣ. ಹ್ಞೂಂ ಎಂದರು. ಗಡ್ಡವಿದೆ, ನಿಲುವಂಗಿಯಿದೆ, ಆಶೀರ್ವಾದ ಮಾಡುವ ಕೈಯಿದೆ. ಇನ್ನೇನು ಬೇಕು? ಮರುದಿನ ಬೆಳಗಿನ ಹೊತ್ತಿಗೆ ಗಾಜಿನ ಮೇಲೆ ಮುದುಕರ ಹಣೆಯ ನೇರಕ್ಕೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಚೌಕಟ್ಟಿನ ಮೇಲೊಂದು ಹೂವು ಬಂದಿತ್ತು.

ನಾನು ನೋಡಿದವಳೇ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗಿಲ್ಲದ್ದರಿಂದ ಟೀ ಟವೆಲ್ ಒತ್ತಿಕೊಂಡು ನಕ್ಕೆ. ಹೇಳಿಬಿಡಿ ಎಂದು ರವಿಗೆ ಹೇಳಿದೆ. ನೀನೇ ಹೇಳು ಎಂದರು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಎರಡು ತಿಂಗಳು ಕಳೆದವು. ಅತ್ತೆ ಮಾತ್ರ ದಿನವೂ ಹಿತ್ತಿಲಿನ ಕ್ಯಾಮೀಲಿಯಾ ಹೂವು ಬಿಡಿಸಿ ತಂದು, ಮೊಮ್ಮಗಳ ಪರೀಕ್ಷೆ, ಮಗನ ಮಾರ್ಟ್‌ಗೇಜ್, ನನ್ನ ಸಿಟ್ಟು ಎಲ್ಲವನ್ನೂ ಅಜ್ಜಾರಿಗೆ ಒಪ್ಪಿಸುತ್ತಿದ್ದರು. ಚಿತ್ರದ ಹತ್ತಿರ ಮೂಗು ತಾಗಿಸಿ, ಎಷ್ಟ್ ಗೆರಿ ಹಾಕ್ಯಾನ ನೋಡು, ರಂಗೋಲಿ ಹಾಕೋರು ಸೋಲಬೇಕು ಎಂದು ಮೆಚ್ಚುತ್ತಿದ್ದರು. ನಿಜ ಹೇಳಬೇಕೆಂದರೆ ಆ ಚಿತ್ರವನ್ನು ನಮ್ಮ ಮನೆಯಲ್ಲಿ ಮೊದಲು ಸರಿಯಾಗಿ ನೋಡಿದವರು ಅವರೊಬ್ಬರೇ.

ಶ್ರಾವಣದ ಒಂದು ಶುಕ್ರವಾರ ಅರಿಶಿನ ಕುಂಕುಮಕ್ಕೆಂದು ನಾನು ಸುತ್ತಲಿನ ಹೆಂಗಸರನ್ನು ಕರೆದೆ. ಇಲ್ಲಿ ಶ್ರಾವಣವೆಂದರೆ ಚಳಿಗಾಲ, ರೇಷ್ಮೆ ಸೀರೆಯ ಮೇಲೆ ದಪ್ಪನೆಯ ಪಫರ್ ಜಾಕೆಟ್ ಹಾಕಿಕೊಂಡು ಎಲ್ಲರೂ ಬಂದರು. ಅತ್ತೆಗೆ ಅವತ್ತು ಖುಷಿಯೋ ಖುಷಿ. ಬಂದವರನ್ನೆಲ್ಲ ಅಜ್ಜಾರ ಮುಂದೆ ನಿಲ್ಲಿಸಿ, ಇವ್ರು ದೊಡ್ಡ ತಪಸ್ವಿಗಳು, ಕೇಳಿದ್ದು ಕೊಡ್ತಾರ ಎಂದು ಪರಿಚಯ ಮಾಡಿಸಿದರು. ಪಿಆರ್‌ಗಾಗಿ, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗಾಗಿ, ಕಾದು ಕಾದು ಬೇಸತ್ತಿದ್ದ ಮೈಸೂರಿನ ಹುಡುಗಿ ಶ್ವೇತಾ ಅಲ್ಲೇ ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದಳು. ಆಗ ವಾರಿಜಕ್ಕ ಕನ್ನಡಕ ಸರಿಮಾಡಿಕೊಂಡು ಚಿತ್ರದ ಹತ್ತಿರ ಹೋದರು. ಅದುವರೆಗೆ ಆ ಮನೆಯಲ್ಲಿ ಹಿತ್ತಿಲು, ಅಡುಗೆಮನೆ ಬಿಟ್ಟು ಹಾಲ್‌ಗೆ ಅವರು ಬಂದಿರಲೇ ಇಲ್ಲ. ಕೆಳಗಿನ ಇರುವೆ ಸಾಲಿನ ಮೇಲೆ ಬೆರಳಿಟ್ಟು, ಚರಿತ್ರೆಯ ಪುಸ್ತಕದಲ್ಲಿ ಕಂಡಿದ್ದ ಹೆಸರನ್ನು ಗುರುತು ಹಿಡಿದರು. ತರಗತಿಗೆ ಹೇಳುವ ದನಿಯಲ್ಲಿ ಹೇಳಿದರು:

"ಇದು ಸ್ವಾಮಿಗಳಲ್ಲ ಗಂಗಕ್ಕಾ. ಇವರು ಫ್ರಾನ್ಸಿನ ಮಂತ್ರಿ. ಕ್ರಿಶ್ಚಿಯನ್ನರು. ಹೆಂಡತಿ ಮಕ್ಕಳು ಎಲ್ಲ ಇದ್ದವರು."

ಕೋಸಂಬರಿಯ ಬಟ್ಟಲು ಹಿಡಿದು ನಾನು ಹಾಲ್‌ಗೆ ಬರುವ ಹೊತ್ತಿಗೆ ಮನೆ ತುಂಬ ನಗು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಕೇಳಿದರೆ ಯಾರಿಗಾದರೂ ನಗು ಬರುವ ವಿಷಯವೇ. ಅತ್ತೆ ಮಾತ್ರ ನಗಲಿಲ್ಲ. ಎಲ್ಲರಿಗೂ ಎಲೆ ಅಡಿಕೆ ಕೊಟ್ಟು, ಎಲ್ಲರನ್ನೂ ಬಾಗಿಲವರೆಗೆ ಕಳಿಸಿ, ಬಂದು ಚಿತ್ರವನ್ನು ಗೋಡೆಯಿಂದ ಇಳಿಸಿ, ಮುಖ ಆ ಕಡೆಗೆ ಮಾಡಿ ಸೋಫಾದ ಹಿಂದೆ ಇಟ್ಟರು. ಆಮೇಲೆ ಹಿತ್ತಿಲಿಗೆ ಹೋಗಿ, ದೊಡ್ಡ ಕಸದ ಬಿನ್ನನ್ನು ಹುಲ್ಲಿನ ಮೇಲೆ ಗಡಗಡ ಉರುಳಿಸಿಕೊಂಡು ಹೋಗಿ ಬೇಲಿಯ ಕಂಡಿಗೆ ಅಡ್ಡ ನಿಲ್ಲಿಸಿದರು. "ಎಲ್ಲಾರ ಮುಂದ ನನ್ನ ಹುಚ್ಚಿ ಮಾಡಿದ್ಲು" ಎಂದರು. ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ ಮೇಲೆ ನನ್ನ ನಗುವೂ ನಿಂತಿತು.

ಅವತ್ತಿನಿಂದ ಮಾತು ಬಂದ್. ಆ ಮಂತ್ರಿಯ ಕಾಲದ ಫ್ರಾನ್ಸಿನಲ್ಲಿ ಒಂದೇ ಏಸುವನ್ನು ನಂಬುವವರು ಎರಡು ಪಂಥವಾಗಿ ವರ್ಷಗಟ್ಟಲೆ ಹೊಡೆದಾಡಿದರಂತೆ. ನಮ್ಮ ಹಿತ್ತಿಲಿನ ಯುದ್ಧ ಅದಕ್ಕಿಂತ ಚಿಕ್ಕದಿರಬಹುದು, ಬಿಸಿಯೇನೂ ಕಡಿಮೆಯಿರಲಿಲ್ಲ. ಬಿನ್ನು ಅಲ್ಲಿಯೇ ಕೋಟೆಬಾಗಿಲಾಗಿ ನಿಂತಿತು. ವಾರಕ್ಕೊಮ್ಮೆ ಕಸದ ಲಾರಿ ಬರುವಾಗ ಮಾತ್ರ ಅದನ್ನು ಬೀದಿಗೆ ಒಯ್ಯಲೇಬೇಕಲ್ಲ. ಆ ಒಂದು ಸಂಜೆ ಕೌನ್ಸಿಲಿನ ಕೃಪೆಯಿಂದ ಕಂಡಿ ತೆರೆದಿರುತ್ತಿತ್ತು, ಅತ್ತೆ ಕುರ್ಚಿ ಹಾಕಿಕೊಂಡು ಬೇಲಿಗೆ ಬೆನ್ನು ತಿರುಗಿಸಿ ಕೂತಿರುತ್ತಿದ್ದರು. ಆ ಕಡೆಯಿಂದ ವಾರಿಜಕ್ಕ ಬಟ್ಟೆ ಒಣಹಾಕುವ ನೆಪದಲ್ಲಿ ಅದೇ ಟವೆಲನ್ನು ಮತ್ತೆ ಮತ್ತೆ ಕೊಡವುತ್ತಿದ್ದರು.

ರಾಯಭಾರಿಯಾಗಿ ಹೋದದ್ದು ನಾನೇ, ರೌಂಡಬೌಟ್ ಸುತ್ತಿಕೊಂಡು. ವಾರಿಜಕ್ಕ ಕೇಳಿದ್ದು ಒಂದೇ ಮಾತು, ನಾನು ಸುಳ್ಳು ಹೇಳಿದೆನಾ ಎಂದು. ಇಲ್ಲ, ಸುಳ್ಳೇನೂ ಹೇಳಿರಲಿಲ್ಲ. ಅಷ್ಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ, ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಇರಲಾರದು. ಆದರೆ ಒಂದು ದಿನ ಕೆಲಸದಿಂದ ಬೇಗ ಮರಳುವಾಗ ನಾನೇ ಕಣ್ಣಾರೆ ನೋಡಿದೆ: ಡಿಸ್ಪ್ಲೇ ಹೋಮಿನ ಮುಂದೆ ವಾರಿಜಕ್ಕ ಒಬ್ಬರೇ ಕೊಡೆ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗದೆ ತಿರುಗಿದರು. ಅತ್ತೆ ಊರಿಗೆ ಹೊರಡಲು ಎರಡೇ ವಾರ ಉಳಿದಿತ್ತು. ಎಪ್ಪತ್ತು ದಾಟಿದ ಇಬ್ಬರು ಹೆಂಗಸರು, ಒಬ್ಬರು ಇಲ್ಲಿ, ಒಬ್ಬರು ಅಲ್ಲಿ. ಹೀಗೆ ಮುಖ ತಿರುಗಿಸಿಕೊಂಡೇ ಬೇರೆಯಾದರೆ ಮತ್ತೆ ಒಂದಾಗುವುದು ಯಾವಾಗ? ಗೆಳತಿಯರು ಸಿಗುವ ವಯಸ್ಸೇ ಅದು? ನನಗೆ ಇಬ್ಬರನ್ನೂ ಹಿಡಿದು ಚೆನ್ನಾಗಿ ಬೈಯಬೇಕೆನಿಸುತ್ತಿತ್ತು.

ಅಷ್ಟರಲ್ಲಿ ಆದದ್ದೇನೆಂದರೆ, ಶ್ವೇತಾಗೆ ಪಿಆರ್ ಬಂತು. ಸೀದಾ ಮೈಸೂರುಪಾಕಿನ ಡಬ್ಬಿ ಹಿಡಿದು ನಮ್ಮ ಮನೆಗೇ ಬಂದಳು. ಅಜ್ಜಾರೆಲ್ಲಿ ಎಂದಳು. ಅವರು ಸೋಫಾದ ಹಿಂದಿದ್ದಾರೆ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಅತ್ತೆಯೇ ಬಿಗಿದ ಮುಖದಲ್ಲಿ ಹೋಗಿ ಚಿತ್ರವನ್ನು ಎತ್ತಿ ತಂದು ಅದೇ ಮೊಳೆಗೆ ಹಾಕಿದರು. ಮಂತ್ರಿಯಾದರೇನು ಸ್ವಾಮಿಯಾದರೇನು ಎಂದು ಅವಳು ಮತ್ತೆ ಉದ್ದಂಡ ನಮಸ್ಕಾರ ಮಾಡಿ ಹೋದಳು. ಅವಳು ಹೋದ ಮೇಲೂ ಅತ್ತೆ ಚಿತ್ರದ ಮುಂದಿನಿಂದ ಕದಲಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ಅಲ್ಲ, ಏನ್ ಮಾಡಿದ್ದ ಅಂವ ಎಂದು ಕೇಳಿದರು.

ಅದು ನನಗೂ ಗೊತ್ತಿರಲಿಲ್ಲ. ಮರುದಿನ ಟ್ರೇನಿನಲ್ಲಿ ಆಫೀಸಿಗೆ ಹೋಗುವಾಗ ಫೋನಿನಲ್ಲಿ ಹುಡುಕಿ ಓದಿದೆ. ಓದುತ್ತ ಓದುತ್ತ ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು. ಅವತ್ತು ಸಂಜೆ ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ನಿಂತು ಕತೆ ಹೇಳಿದೆ. ಎರಡು ಪಂಥದವರೂ ಕತ್ತಿ ಹಿರಿದಿದ್ದ ಕಾಲದಲ್ಲಿ ಈ ಮನುಷ್ಯ ರಾಜನ ಆಸ್ಥಾನದಲ್ಲಿ ದೊಡ್ಡ ಮಂತ್ರಿ. ಒಬ್ಬನ ಪೂಜೆ ಒಂದು ರೀತಿ, ಇನ್ನೊಬ್ಬನದು ಇನ್ನೊಂದು ರೀತಿ ಇದ್ದರೂ ಇಬ್ಬರೂ ಒಂದೇ ರಾಜ್ಯದಲ್ಲಿ ಬಾಳಬಹುದು ಎಂದು ವಾದಿಸಿದವನು. ಕೇಳುವವರು ಯಾರು? ಅವನನ್ನು ಅಧಿಕಾರದಿಂದ ದೂರ ಮಾಡಿದರು. ಹಳ್ಳಿಯ ಮನೆಗೆ ಹೋಗಿ ಕೂತ. ಒಂದು ದಿನ ರಾಜಧಾನಿಯಲ್ಲಿ ಮಾರಣಹೋಮ ಶುರುವಾಯಿತು. ಈ ಮುದುಕನ ಮನೆಯ ಕಡೆಗೂ ಕುದುರೆಗಳು ಬರುತ್ತಿವೆ ಎಂದು ಸುದ್ದಿ ಬಂತು. ಆಳುಗಳು ಹೆಬ್ಬಾಗಿಲು ಮುಚ್ಚಿ ಒತ್ತಿ ನಿಂತರು. ಬಾಗಿಲು ತೆಗೆಯಿರಿ, ಬರುವವರಿಗೆ ಚಿಕ್ಕ ಬಾಗಿಲು ಸಾಲದಿದ್ದರೆ ದೊಡ್ಡದನ್ನೂ ತೆಗೆಯಿರಿ ಎಂದನಂತೆ ಮುದುಕ. ಚಿತ್ರದಲ್ಲಿ ಚಾಚಿದ ಕೈ ಆಶೀರ್ವಾದದ್ದಲ್ಲ, ಆ ಅಪ್ಪಣೆಯದು.

ಅತ್ತೆಯ ಕೈ ನಿಂತಿತು.

"ಬಾಗಲಾ ತಗೀರಿ ಅಂದ್ನ? ಕೊಲ್ಲಾಕ ಬಂದವ್ರಿಗೆ?"

ಹೌದೆಂದೆ. ಆಮೇಲೆ ನೋಡಿದರೆ ಬಂದವರು ಅವನನ್ನು ಕಾಯಲು ಅರಮನೆಯಿಂದ ಕಳಿಸಿದವರಂತೆ. ನಿಮ್ಮನ್ನು ಕ್ಷಮಿಸಲಾಗಿದೆ ಎಂದು ಅವರು ಹೇಳಿದರೆ, ಕ್ಷಮೆ ಕೇಳುವಂಥ ತಪ್ಪು ನಾನು ಮಾಡಿದ್ದೇ ಗೊತ್ತಿಲ್ಲವಲ್ಲ ಎಂದನಂತೆ. ನಿಜವೋ ಕಟ್ಟುಕತೆಯೋ, ಅಂತೂ ಹಾಗೆ ಹೇಳುತ್ತಾರೆ. ಇದನ್ನು ಕೇಳಿದ್ದೇ ಅತ್ತೆ ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ ನಕ್ಕರು. ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡು, ಹಂಗ ಅನಬೇಕ್ ನೋಡು ಎಂದರು. ತವೆಯ ಮೇಲಿನ ರೊಟ್ಟಿ ಕರಕಲಾಯಿತು. ಅದನ್ನು ಎತ್ತಿ ಪಕ್ಕಕ್ಕಿಟ್ಟು, "ಅಂದ್ರ ನಾ ಹೂ ಏರಿಸಿದ್ದು ತಪ್ಪಲ್ಲ. ಇಂವ ಅಜ್ಜಾರ ಅದಾನ" ಎಂದರು.

ಶನಿವಾರ ಬೆಳಿಗ್ಗೆ ಹಿತ್ತಿಲಿನಿಂದ ಧಡ್ ಧಡ್ ಎಂಬ ಶಬ್ದಕ್ಕೆ ಎಚ್ಚರವಾಯಿತು. ಕಾಫಿ ಹಿಡಿದು ಹೊರಗೆ ಹೋಗಿ ನೋಡುತ್ತೇನೆ, ಬಿನ್ನು ತನ್ನ ಹಳೇ ಜಾಗಕ್ಕೆ ಹೋಗಿದೆ. ರವಿ ಪೈಜಾಮದಲ್ಲಿ ಸುತ್ತಿಗೆ ಹಿಡಿದು ಬೇಲಿಯ ಹಲಗೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಪಕ್ಕದಲ್ಲಿ ಅವರ ತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಆ ಕಡೆಯ ಮನೆಯವರನ್ನು ಕೇಳದೆ ಬೇಲಿ ಮುಟ್ಟುವಂತಿಲ್ಲ, ಇದು ಕಾನೂನು ಎಂದು ರವಿ ಗೊಣಗುತ್ತಿದ್ದರು. ಅತ್ತೆ ಇನ್ನೊಂದು ಹಲಗೆ ತೋರಿಸುತ್ತಿದ್ದರು. ಎರಡು ಕಂಬದ ನಡುವಿನ ಅಷ್ಟೂ ಬೇಲಿ ಹುಲ್ಲಿನ ಮೇಲೆ ಮಲಗಿತು. ಒಂದು ಕಾರು ದಾಟುವಷ್ಟು ಜಾಗವಾಯಿತು.

ಸದ್ದಿಗೆ ಆ ಕಡೆಯ ಬಾಗಿಲು ತೆರೆಯಿತು. ವಾರಿಜಕ್ಕ ಶಾಲು ಹೊದ್ದು, ಕೊಡೆ ಹಿಡಿದು ಬಂದು, ತಮ್ಮ ಹುಲ್ಲಿನ ಅಂಚಿಗೆ ನಿಂತರು. ಬೇಲಿಯಿದ್ದ ಜಾಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಇದೆಂಥದು ಗಂಗಕ್ಕಾ, ಇಷ್ಟು ದೊಡ್ಡದು ಮಾಡಿದ್ದು?"

"ಸಣ್ಣ ಬಾಗಲಾ ಸಾಲಲಿಲ್ಲಲ್ಲ ನಿಮಗ" ಎಂದರು ಅತ್ತೆ. "ಅದಕ್ಕ ದೊಡ್ಡದು ತಗಿಸೀನಿ."

ವಾರಿಜಕ್ಕ ಚರಿತ್ರೆಯ ಟೀಚರಲ್ಲವೆ? ಅಂದು ಮನೆಗೆ ಹೋದವರು ಆ ಮಂತ್ರಿಯ ಕತೆಯನ್ನು ಪೂರ್ತಿ ಓದಿಕೊಂಡಿದ್ದರು, ಹೇಳಲು ಯಾರೂ ಸಿಕ್ಕಿರಲಿಲ್ಲ ಅಷ್ಟೇ. ಇದ್ದಕ್ಕಿದ್ದಂತೆ ನಗತೊಡಗಿದರು. ನಕ್ಕು ನಕ್ಕು ಕನ್ನಡಕ ಜಾರಿ ಹುಲ್ಲಿನ ಮೇಲೆ ಬಿತ್ತು. ಅತ್ತೆ ಬೇಲಿಯ ಗೆರೆ ದಾಟಿ ಹೋಗಿ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ತಾವೇ ಅವರ ಮೂಗಿನ ಮೇಲಿಟ್ಟರು. ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು ನಾನು ಎಂದರು ವಾರಿಜಕ್ಕ. ಆತೇಳ್ರಿ, ಚಾ ಆರ್ತದ ಎಂದರು ಅತ್ತೆ. ಚಹಾಕ್ಕೆ ನಾನಿನ್ನೂ ನೀರೇ ಇಟ್ಟಿರಲಿಲ್ಲ.

ಚಹಾ ಆದ ಮೇಲೆ ಇಬ್ಬರೂ ಚಿತ್ರದ ಮುಂದೆ ನಿಂತರು. ಅತ್ತೆ ಹೊಸ ವಿಭೂತಿ ಹಚ್ಚಿದರು. ನಾನಂತೂ ಇವರನ್ನು ಮಂತ್ರಿ ಎಂದೇ ಹೇಳುವುದು ಎಂದು ವಾರಿಜಕ್ಕ ಮೊದಲೇ ಎಚ್ಚರಿಸಿದರು. ಹೇಳ್ರಿ, ನಾ ಏನ್ ಬ್ಯಾಡ ಅಂದೇನ ಎಂದರು ಅತ್ತೆ. ಇಷ್ಟು ಹೇಳಿಯೂ ವಾರಿಜಕ್ಕ, ಹೂವು ವಾಲಿದೆಯೆಂದು ಕೈ ಎತ್ತಿ ಅದನ್ನು ನೇರ ಮಾಡಿದರು.

ಉಳಿದ ದಿನಗಳಲ್ಲಿ ಅವರು ಕಾಲು ಬಿದ್ದುಹೋಗುವಷ್ಟು ಡಿಸ್ಪ್ಲೇ ಹೋಮ್ ನೋಡಿದರು. ಸೇಲ್ಸ್ ಹುಡುಗಿ ಇಬ್ಬರನ್ನೂ ತಬ್ಬಿಕೊಂಡಳಂತೆ. ಏರ್‌ಪೋರ್ಟಿನಲ್ಲಿ ಇಬ್ಬರೂ ಅತ್ತದ್ದು ನೋಡಿ ಸೆಕ್ಯೂರಿಟಿಯವನು ಟಿಶ್ಯೂ ತಂದುಕೊಟ್ಟ. ಮುಂದೆ ನನಗೆ ನಾರ್ವೆಸ್ಟಿನಲ್ಲಿ ಕೆಲಸ ಸಿಕ್ಕಿ ನಾವು ಸಿಡ್ನಿಗೆ ಬಂದೆವು. ನಮ್ಮ ಮನೆ ಕೊಂಡ ಪಂಜಾಬಿ ದಂಪತಿಗೆ ಬೇಲಿ ಕಟ್ಟಿಸಿಕೊಡುತ್ತೇವೆ ಎಂದರೆ, ಹಿಂದಿನ ಮನೆಯ ಆಂಟಿ ಇಡ್ಲಿ ತಂದು ಕೊಟ್ಟರು, ಇರಲಿ ಬಿಡಿ ಎಂದರು. ಅಜ್ಜಾರು ನಮ್ಮೊಡನೆ ಬಂದರು. ಅತ್ತೆ ಧಾರವಾಡದಿಂದ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಫೋನನ್ನು ಗೋಡೆಯ ಕಡೆ ತಿರುಗಿಸು ಎನ್ನುತ್ತಾರೆ. ಹೂವಿಲ್ಲದ್ದು ಕಂಡರೆ ಬೈಗುಳ. ಮೊದಮೊದಲು ಬೈಗುಳ ತಪ್ಪಿಸಿಕೊಳ್ಳಲು ಹೂವು ಇಡುತ್ತಿದ್ದೆ. ಈಗ ಯಾರೂ ಕೇಳದಿದ್ದರೂ ಇಡುತ್ತೇನೆ.

ಇವತ್ತು ಬೆಳಿಗ್ಗೆ ಮೊದಲು ಬಂದವರು ವಾರಿಜಕ್ಕ, ಮೆಲ್ಬರ್ನಿನ ಫ್ಲೈಟಿನಲ್ಲಿ, ಕೊಡೆ ಸಮೇತ. ಅತ್ತೆಯ ಫ್ಲೈಟ್ ಅದಾದ ಮೇಲೆ. ವಾರಿಜಕ್ಕನನ್ನು ಟ್ಯಾಕ್ಸಿ ಹತ್ತಿಸಿ, ತಾಯಿಯನ್ನು ಕರೆತರಲು ರವಿ ಏರ್‌ಪೋರ್ಟಿನಲ್ಲೇ ಉಳಿದರು. ಇಬ್ಬರಿಗೂ ಒಂದೇ ಕೋಣೆ ಸಾಕೆಂದು ಇಬ್ಬರೂ ಮೊದಲೇ ತೀರ್ಮಾನ ಮಾಡಿಕೊಂಡಿದ್ದಾರೆ. ನಮ್ಮ ಸುತ್ತಮುತ್ತ ಏಳುತ್ತಿರುವ ಹೊಸ ಬಡಾವಣೆಗಳ ಡಿಸ್ಪ್ಲೇ ಹೋಮುಗಳಿಗೆ ಇನ್ನು ಒಳ್ಳೆಯ ದಿನಗಳಲ್ಲ.

ವಾರಿಜಕ್ಕ ಮನೆಯೆಲ್ಲ ಒಂದು ಸುತ್ತು ನೋಡಿ, ಚಿತ್ರದ ಗಾಜಿನ ಮೇಲಿನ ಹಳೆಯ ಗುರುತುಗಳನ್ನು ನೋಡಿ, ಒರೆಸದೆ ಇಟ್ಟದ್ದು ಒಳ್ಳೇದಾಯಿತು ಎಂದರು. ಆಮೇಲೆ ಮುಂಬಾಗಿಲಿಗೆ ಬಂದು ನಿಂತರು. ಇದು ಎರಡು ಕದದ ಬಾಗಿಲಲ್ಲವಾ, ಇನ್ನೊಂದು ಯಾಕೆ ಮುಚ್ಚಿದ್ದು ಎಂದು ಕೇಳಿದರು. ಅದಕ್ಕೆ ಮೊನ್ನೆಯಷ್ಟೇ ಬಣ್ಣ ಹೊಡೆಸಿದ್ದೇನೆ, ತೆಗೆಯಲು ಬರುವುದಿಲ್ಲ ಎಂದೆ.

"ತೆಗಿ ಮಾರಾಯ್ತಿ. ಗಂಗಕ್ಕ ಬರುವುದಲ್ಲವಾ?"

ತರಕಾರಿ ಚಾಕು ತಂದು ಸಂದಿಯುದ್ದಕ್ಕೂ ಎಳೆದೆ. ಹೊಸ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಂತು. ಸ್ಟೂಲ್ ಹತ್ತಿ ಮೇಲಿನ ಚಿಲಕ ಜಗ್ಗಿದರೆ ಅಂಗೈಯಗಲದ ಜೇಡ ನನ್ನ ಭುಜದ ಮೇಲೆ ಬಿತ್ತು. ನಾನು ಕಿರುಚಿದ್ದಕ್ಕೆ ಎದುರು ಮನೆಯ ನಾಯಿ ಬೊಗಳಿತು. ವಾರಿಜಕ್ಕ ಕೊಡೆಯ ತುದಿಯಿಂದ ಜೇಡವನ್ನು ಹೊರಗೆ ಕಳಿಸಿ, ಕೆಳಗಿನ ಚಿಲಕಕ್ಕೆ ಅದೇ ಕೊಡೆಯಿಂದ ಎರಡು ಏಟು ಹಾಕಿದರು. ಕದ ನರಳುತ್ತ ತೆರೆದುಕೊಂಡಿತು. ಹಾಲ್ ತುಂಬ ಬೆಳಕು. ನಮ್ಮ ಮನೆ ಇಷ್ಟು ದೊಡ್ಡದಿದೆಯೆಂದು ನನಗೆ ಗೊತ್ತಿರಲಿಲ್ಲ.

ಕಾರು ಬಂತು. ಅತ್ತೆ ಇಳಿದರು. ತುಸು ಬಾಗಿದ್ದಾರೆ, ದನಿ ಮಾತ್ರ ಅದೇ. ಎರಡೂ ಕದ ತೆರೆದ ಬಾಗಿಲನ್ನೂ, ಅದರ ನಟ್ಟನಡುವೆ ಕೊಡೆ ಹಿಡಿದು ನಿಂತ ಗೆಳತಿಯನ್ನೂ ನೋಡಿ ದಾರಿಯಲ್ಲೇ ನಿಂತುಬಿಟ್ಟರು.

"ಎರಡೂ ತಗದೀರಿ? ಯಾರ್ ಹೇಳಿದ್ರು ತಗೀರಂತ?"

ವಾರಿಜಕ್ಕ ಹಿಂದೆ ತಿರುಗದೆ ಕೊಡೆಯಿಂದ ಗೋಡೆಯ ಕಡೆ ತೋರಿಸಿದರು.

"ಅಜ್ಜಾರು" ಎಂದರು.

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಜೊತೆಯಾಗಿ ಒಳಗೆ ಬಂದರು. ಅಡ್ಡ ತಿರುಗಬೇಕಾಗಲಿಲ್ಲ. ನಾಳೆ ಪೇಂಟರ್‌ಗೆ ಫೋನ್ ಮಾಡಿ ಬಾಗಿಲಿಗೆ ಇನ್ನೊಮ್ಮೆ ಬಣ್ಣ ಹೊಡೆಯಲು ಹೇಳಬೇಕು, ಈ ಸಲ ಸಂದಿ ಬಿಟ್ಟು.